ಕನ್ನಡನಾಡಿನ ಏಕೀಕರಣವೂ ಅನ್ಯಭಾಷಿಕ ಸಹೃದಯರೂ

ಒಂದು ಭಾಷೆಯನ್ನಾಡುವ ಜನಸಮುದಾಯವು ತನ್ನ ಆಡಳಿತವು ತನ್ನ ಕೈಯಲ್ಲಿಯೇ ಇರಬೇಕೆಂದು ಬಯಸಿ ಹೊರಟಾಗ, ಆ ಬಯಕೆಯನ್ನು ವಿರೋಧಿಸುವವರು ಕೆಲವರು, ಕಂಡೂ ಕಾಣದಂತಿರುವವರು ಹಲವರು. ಇವರ ನಡುವೆ, ಆ ಭಾಷೆಗೆ ಹುಟ್ಟದಿದ್ದರೂ ಆ ಜನರ ಪಕ್ಷದಲ್ಲಿ ನಿಂತು ಮಾತನಾಡುವ ಕೆಲವರು ಎಲ್ಲ ದೇಶಗಳಲ್ಲಿಯೂ ಕಾಣಬರುತ್ತಾರೆ. ಇಂಥವರ ಸಹಾನುಭೂತಿಯ ಲಕ್ಷಣವೇನು, ಕನ್ನಡನಾಡಿನ ಏಕೀಕರಣದಲ್ಲಿ ಅದು ಮಾಡಿದ ಕಾರ್ಯವೇನು, ಮಾಡಲಾರದೆ ಹೋದುದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದೆ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ನಾನಾ ಭಾಷೆಗಳ ಜನರು ಕನ್ನಡಿಗರ ನೆರೆಯಲ್ಲಿ ಬಾಳುತ್ತಿರುವ ಈ ಕಾಲದಲ್ಲಿ, ಹೊರಗಿನಿಂದ ಬಂದವನು ಕನ್ನಡಕ್ಕೆ ಏನಾಗಬಲ್ಲನೆಂಬ ಪ್ರಶ್ನೆಗೆ ಚರಿತ್ರೆಯು ಕೊಡುವ ಉತ್ತರವು ವಿದ್ವಾಂಸರಿಗೂ ಉಪಾಧ್ಯಾಯರಿಗೂ ಉಪಯುಕ್ತವಾದೀತೆಂದು ನಂಬಿದ್ದೇನೆ.

ಮೊದಲು ದೂರದ ಒಂದು ನಿದರ್ಶನವನ್ನು ನೋಡುವ. ಕೆನಡಾ ದೇಶದ ಕ್ವೆಬೆಕ್ ಪ್ರಾಂತದಲ್ಲಿ ಫ್ರೆಂಚ್ ಭಾಷಿಕರೇ ಬಹುಸಂಖ್ಯಾತರು. ಆದರೆ ದೇಶವನ್ನು ಒಟ್ಟಾಗಿ ನೋಡಿದರೆ ಅವರು ಇಂಗ್ಲಿಷ್ ಭಾಷಿಕರ ನಡುವೆ ಅಲ್ಪಸಂಖ್ಯಾತರು. ಈ ಪ್ರಾಂತವು ಪ್ರತ್ಯೇಕ ರಾಷ್ಟ್ರವಾಗಬೇಕೆಂಬ ಪಕ್ಷವು 1968ರಲ್ಲಿ ರೂಪುಗೊಂಡು 1976ರಲ್ಲಿ ಅಧಿಕಾರಕ್ಕೆ ಬಂದಿತು. 1980ರಲ್ಲಿಯೂ 1995ರಲ್ಲಿಯೂ ಈ ವಿಷಯದಲ್ಲಿ ಜನಮತವನ್ನು ಕೇಳಲಾಯಿತು. ಎರಡನೆಯ ಸಲ ಪ್ರತ್ಯೇಕತೆಯ ಪಕ್ಷವು ನೂರಕ್ಕೆ ಒಂದು ಪಾಲಿಗಿಂತಲೂ ಸ್ವಲ್ಪವೇ ಹೆಚ್ಚಾದ ಅಂತರದಿಂದ ಸೋತಿತು. ಈ ಹೋರಾಟಕ್ಕೆ ಹೊರಗಿನಿಂದ ಬಂದ ಸಹಾನುಭೂತಿಗಳಲ್ಲಿ ಎರಡು ಗಮನಾರ್ಹವಾದುವು. 1967ರ ಜುಲೈ 24ರಂದು ಫ್ರಾನ್ಸಿನ ಅಧ್ಯಕ್ಷನಾದ ಡಿಗಾಲ್ ಮಾಂಟ್ರಿಯಲ್ ನಗರಸಭೆಯ ಮೊಗಸಾಲೆಯಿಂದ ಸ್ವತಂತ್ರ ಕ್ವೆಬೆಕ್ಕಿಗೆ ಜಯಕಾರ ಮಾಡಿದನು. ಕೆನಡಾ ಸರ್ಕಾರವು ಅದನ್ನು ಆಕ್ಷೇಪಿಸಲು, ರಾಜಧಾನಿಯನ್ನು ನೋಡದೆಯೇ ಸ್ವದೇಶಕ್ಕೆ ಹಿಂದಿರುಗಿದನು. ಎರಡನೆಯದು ಜೇನ್ ಜೇಕಬ್ಸ್ ಎಂಬ ವಿದುಷಿಯದು. ಅಮೆರಿಕದಲ್ಲಿ ಹುಟ್ಟಿ 1968ರಲ್ಲಿ ಟೊರಾಂಟೊ ನಗರಕ್ಕೆ ಬಂದು ನೆಲಸಿದ, ಇಂಗ್ಲಿಷ್ ಮಾತಿನ ಈಕೆಯು 1980ರಲ್ಲಿ ಕ್ವೆಬೆಕ್ಕಿನ ಪ್ರತ್ಯೇಕತೆಯನ್ನೇ ವಿಷಯವಾಗಿಟ್ಟುಕೊಂಡು ಒಂದು ಗ್ರಂಥವನ್ನು ಪ್ರಕಟಿಸಿದಳು. 1905ರಲ್ಲಿ ನಾರ್ವೆಯು ಸ್ವೀಡನ್ನಿನಿಂದ ಶಾಂತವಾಗಿ ಬೇರೆಯಾದುದನ್ನು ಉದಾಹರಿಸಿ, ಟೊರಾಂಟೊವಿನ ಏಳಿಗೆಯ ಎದುರಿಗೆ ಮಾಂಟ್ರಿಯಲ್ ನಗರದ ಸ್ಥಿತಿಯೇನಾಗುವುದೆಂಬುದನ್ನು ತರ್ಕಿಸಿ, ಕ್ವೆಬೆಕ್ಕಿನವರ ಬೇಡಿಕೆಯು ಭಯಪಡತಕ್ಕುದಲ್ಲವೆಂದು ಇಂಗ್ಲಿಷ್ ಭಾಷಿಕರಿಗೇ ತಿಳಿಯಹೇಳಿದಳು.

ಇವೆರಡರಲ್ಲಿ ಮೊದಲನೆಯದು ಸಮಾನಭಾಷಿಕನ ಬಂಧುಪ್ರೇಮ. ಅದರಿಂದ ಪ್ರಪಂಚದ ಗಮನವು ಅತ್ತ ಹೊರಳಿತೆಂಬುದು ನಿಜ. ಆದರೆ ಬಂಧುವು ಬಂಧುವಿನ ಪಕ್ಷವನ್ನು ಹಿಡಿಯುವುದರಲ್ಲಿ ಎದುರಾಳಿಗೆ ಮನವರಿಕೆಯಾಗತಕ್ಕುದೇನೂ ಇಲ್ಲ. ಎರಡನೆಯದರಲ್ಲಿ ರಕ್ತಸಂಬಂಧವಾಗಲಿ ಭಾಷಾಸಂಬಂಧವಾಗಲಿ ಲಾಭವಾಗಲಿ ಇಲ್ಲ. ಆ ಕಾರಣದಿಂದಲೇ ಅದಕ್ಕೆ ಸಾಕ್ಷ್ಯದ ಬಲವುಂಟು.

ನಮ್ಮ ಅಲಂಕಾರಶಾಸ್ತ್ರದಲ್ಲಿ ಈ ಭೇದವನ್ನು ತಿಳಿಯಲು ಒಂದು ಕೀಲಿಕೈ ಇರುವುದು. ನಾಟಕದಲ್ಲಿ ಕಾಣುವ ದುಃಖವು ಪ್ರೇಕ್ಷಕನಿಗೆ ಹೇಗೆ ರಸವಾಗುವುದೆಂಬುದನ್ನು ವಿಚಾರಿಸುವಾಗ ಮಮ್ಮಟನು, ಇದು ನನ್ನದು, ಇದು ಶತ್ರುವಿನದು, ಇದು ತಟಸ್ಥನದು ಎಂಬ ಸಂಬಂಧನಿಯಮಗಳು ಆಗ ತಲೆದೋರುವುದಿಲ್ಲವೆಂದು ವಿವರಿಸುತ್ತಾನೆ. ನನ್ನದೆಂದೇ ಬಗೆದರೆ ಸ್ವಂತದ ಹರ್ಷಶೋಕಗಳು ಕವಿದು ವಿವೇಕವು ಕೆಡುವುದು. ತಟಸ್ಥನದೆಂದು ಬಗೆದರೆ ಮನಸ್ಸು ಕರಗದು. ಇವೆರಡನ್ನೂ ಮೀರಿ ಅನ್ಯರ ಅನುಭವವನ್ನು ಹೃದಯದಿಂದ ಗ್ರಹಿಸುವವನೇ ಸಹೃದಯನು. ಕಾವ್ಯಕ್ಕೆ ಹೇಳಿದ ಈ ಲಕ್ಷಣವನ್ನು ರಾಜ್ಯವ್ಯವಹಾರಕ್ಕೆ ಅನ್ವಯಿಸುವುದು ಉಚಿತವೇ ಎಂದು ಕೇಳಬಹುದು. ಲಕ್ಷಣವನ್ನು ಪೂರ್ತಿಯಾಗಿ ಅನ್ವಯಿಸುವುದು ನನ್ನ ಆಶಯವಲ್ಲ. ಬಂಧು, ತಟಸ್ಥ, ಸಹೃದಯ ಎಂಬ ಮೂರು ನಿಲವುಗಳನ್ನು ಬೇರ್ಪಡಿಸಿಕೊಳ್ಳುವುದಕ್ಕೆ ಅದು ಸಾಧನವಾದರೆ ಸಾಕು.

ಇನ್ನು ಪ್ರಕೃತಕ್ಕೆ ಬರುವ. ಕ್ವೆಬೆಕ್ಕಿನ ಬೇಡಿಕೆಗೂ ನಮ್ಮ ಬೇಡಿಕೆಗೂ ಒಂದು ದೊಡ್ಡ ವ್ಯತ್ಯಾಸವುಂಟು. ಅಲ್ಲಿಯ ಪಕ್ಷವು ಪ್ರತ್ಯೇಕ ರಾಷ್ಟ್ರವನ್ನು ಬಯಸಿತು. ಕನ್ನಡಿಗರು ಬಯಸಿದುದು ಭಾರತದೊಳಗೇ ಒಂದಾದ ಪ್ರಾಂತವನ್ನು. ಮೈಸೂರು ಸಂಸ್ಥಾನ, ಬೊಂಬಾಯಿ ಮತ್ತು ಮದರಾಸು ಪ್ರಾಂತಗಳು, ಹೈದರಾಬಾದು ಸಂಸ್ಥಾನ, ಕೊಡಗು, ಇವಲ್ಲದೆ ಹಲವು ಚಿಕ್ಕ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರು, ಮೈಸೂರೊಂದನ್ನು ಬಿಟ್ಟರೆ ಪ್ರಾಯಶಃ ಎಲ್ಲೆಡೆಯೂ ಅಲ್ಪಸಂಖ್ಯಾತರಾಗಿದ್ದರು. ಆದುದರಿಂದ ನಮಗೆ ಸಮೀಪವಾದ ಉಪಮಾನವು ಸ್ವಿಟ್ಜರ್ಲೆಂಡಿನ ಜುರಾ ಪ್ರದೇಶ. 1815ರ ವಿಯೆನ್ನಾ ಕೂಟದ ನಿರ್ಣಯದಿಂದ, ಫ್ರೆಂಚ್ ಮಾತಿನ ಈ ಪ್ರದೇಶವು ಜರ್ಮನ್ ಭಾಷಿಕರು ಅಧಿಕವಾಗಿದ್ದ ಬರ್ನ್ ಪ್ರಾಂತಕ್ಕೆ ಸೇರಿತು. ದೀರ್ಘಕಾಲದ ಹೋರಾಟದ ತರುವಾಯ 1974ರಲ್ಲಿ ಅಲ್ಲಿಯ ಜನರು ತಮ್ಮದೇ ಪ್ರಾಂತವು ಬೇಕೆಂದು ಮತವಿತ್ತರು. ಅಷ್ಟರಿಂದಲೇ ಕಾರ್ಯವು ಮುಗಿಯಲಿಲ್ಲ. 1978ರ ಸೆಪ್ಟೆಂಬರ್ 24ರಂದು ಇಡೀ ಸ್ವಿಟ್ಜರ್ಲೆಂಡಿನ ಮತದಾರರ ಮುಂದೆ ಪ್ರಶ್ನೆಯನ್ನಿಡಬೇಕಾಯಿತು. ಬಹುಸಂಖ್ಯೆಯಲ್ಲಿ ಜರ್ಮನ್ ಭಾಷಿಕರಾದ ಆ ಮತದಾರರಲ್ಲಿ ಮತವಿತ್ತವರ ಪೈಕಿ ನೂರಕ್ಕೆ 82ಕ್ಕಿಂತ ಹೆಚ್ಚು ಮಂದಿ ಒಪ್ಪಿದರು. ಎಲ್ಲ ಪ್ರಾಂತಗಳೂ ಒಪ್ಪಿದುವು. 1979ರ ಜನವರಿ 1ರಂದು ಜುರಾ ಪ್ರಾಂತವು ಜನಿಸಿತು.

ಈ ದೃಷ್ಟಾಂತದಿಂದ ತಿಳಿಯತಕ್ಕುದೇನೆಂದರೆ, ಒಕ್ಕೂಟದೊಳಗಿನ ಸ್ವಯಮಾಡಳಿತವು ಬೇಡುವವರ ಶಕ್ತಿಯೊಂದರಿಂದಲೇ ಸಿದ್ಧಿಸತಕ್ಕುದಲ್ಲ. ಅದಕ್ಕೆ ಹೊರಗಿನವರ ಅನುಮತಿಯು ಅಂಗವಾಗಿಯೇ ಇರುವುದು. ಭಾರತದ ಸಂವಿಧಾನದ 3ನೆಯ ಅನುಚ್ಛೇದವೂ ಹಾಗೆಯೇ. ಹೊಸ ರಾಜ್ಯವನ್ನು ರಚಿಸುವ, ಎಲ್ಲೆಗಳನ್ನು ಬದಲಾಯಿಸುವ ಅಧಿಕಾರವು ಸಂಸತ್ತಿನದು. ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯವನ್ನು ಕೇಳತಕ್ಕುದುಂಟು, ಅದರ ಸಮ್ಮತಿಯು ಅನಿವಾರ್ಯವಲ್ಲ. ಎಂದರೆ 1956ರ ರಾಜ್ಯ ಪುನರ್ವಿಂಗಡಣೆಯ ಕಾಯಿದೆಯನ್ನು ಅಂಗೀಕರಿಸಿ, ಆ ವರ್ಷದ ನವೆಂಬರ್ 1ರಂದು ಕನ್ನಡನಾಡನ್ನು ಒಂದುಗೂಡಿಸಿದ ಸಭೆಯಲ್ಲಿ ಕನ್ನಡವನ್ನರಿಯದವರೇ ಅಧಿಕವಾಗಿದ್ದರು. ಇದನ್ನು ಮರೆತು ಏಕೀಕರಣದ ಚರಿತ್ರೆಯನ್ನು ಹೇಳುವುದು ಸೇತುವೆಯ ಒಂದು ದಡವನ್ನು ಮಾತ್ರ ವರ್ಣಿಸಿದಂತೆ.

ಹಾಗಾದರೆ ಈ ಅನುಮತಿಗೆ ನೆಲವನ್ನು ಹದಗೊಳಿಸಿದವರು ಯಾರು? ಮೊದಲನೆಯ ವರ್ಗದವರು ಪ್ರಮಾಣಗಳನ್ನು ಒದಗಿಸಿದವರು. ಒಂದು ಜನವು ನಾವು ಒಂದೇ ಎಂದು ವಾದಿಸಬೇಕಾದರೆ ಅದಕ್ಕೆ ಭಾಷೆಯ ವ್ಯಾಪ್ತಿಯೂ ಚರಿತ್ರೆಯ ಅವಿಚ್ಛಿನ್ನತೆಯೂ ಸಿದ್ಧವಾಗಿರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬೊಂಬಾಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ದಕ್ಷಿಣ ಮರಾಠಾ ದೇಶವೆಂಬ ಹೆಸರು ಸರ್ಕಾರದ ಕಾಗದಗಳಲ್ಲಿ ರೂಢವಾಗಿದ್ದಿತು; ಕನ್ನಡದ ಮಕ್ಕಳು ಮರಾಠಿಯಲ್ಲಿ ಓದಬೇಕಾಗಿದ್ದಿತು. ಅಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದ ಡೆಪ್ಯುಟಿ ಚನ್ನಬಸಪ್ಪನವರ (1834–1881) ಹೆಸರು ಸರ್ವವಿದಿತ. ಅವರಿಗೆ ಮೇಲಿನಿಂದ ಆಸರೆಯಾಗಿ ನಿಂತವನು ವಿದ್ಯಾಧಿಕಾರಿಯಾಗಿದ್ದ ರಸೆಲ್ ಎಂಬ ಆಂಗ್ಲೇಯನು. ವಾಲ್ಟರ್ ಎಲಿಯಟ್ (1803–1887) ಅದೇ ಸೀಮೆಯಲ್ಲಿ 595 ಶಾಸನಗಳ ಪ್ರತಿಗಳನ್ನು ಕೂಡಿಸಿ, ಆ ಸಂಗ್ರಹಕ್ಕೆ ಕರ್ನಾಟಕ ದೇಶದ ಹೆಸರನ್ನೇ ಇಟ್ಟನು. ಜೆ. ಎಫ್. ಫ್ಲೀಟ್ ತನ್ನ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿ ಪ್ರಕಟಿಸಿದಾಗ ಅದರ ಶೀರ್ಷಿಕೆಯಲ್ಲಿ ಆ ಜಿಲ್ಲೆಗಳನ್ನು ಕನ್ನಡ ಜಿಲ್ಲೆಗಳೆಂದು ಕರೆದನು. ಹೆಸರಿನ ಈ ಬದಲಾವಣೆಯು ಅಲ್ಪವಾಗಿ ತೋರಬಹುದು. ಆದರೆ ಮುಂದೆ ನಡೆದ ವಾದವೆಲ್ಲವೂ ಆ ಹೆಸರಿನ ಮೇಲೆಯೇ ನಿಂತಿತು. ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್, ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಬೆಳಕಿಗೆ ತಂದನು. ಅದರ ಒಂಬತ್ತನೆಯ ಸಂಪುಟವು ಬೆಂಗಳೂರು ಜಿಲ್ಲೆಯದು. ಇಂದು ಕಾರ್ಖಾನೆಗಳೂ ಗಾಜಿನ ಸೌಧಗಳೂ ಎದ್ದುನಿಂತಿರುವ ಸೀಮೆಯ ಕಲ್ಲುಗಳ ಮಾತನ್ನು ಅದರಲ್ಲಿ ಓದಬಹುದು. ಜರ್ಮನಿಯಿಂದ 1853ರಲ್ಲಿ ಬಂದ ಕಿಟ್ಟೆಲ್ 1894ರಲ್ಲಿ ಹೊರತಂದ ನಿಘಂಟನ್ನು ಕುರಿತು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾದುದಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. ಇವರಲ್ಲಿ ಕೆಲವರು ಮತಪ್ರಚಾರಕ್ಕಾಗಿ ಬಂದವರು, ಕೆಲವರು ಪರರಾಜ್ಯದ ಆಡಳಿತಕ್ಕಾಗಿ ಬಂದವರು. ಕನ್ನಡಿಗರ ಸ್ವಯಮಾಡಳಿತವು ಇವರ ಕನಸಿನಲ್ಲಿಯೂ ಇರಲಿಲ್ಲ. ಇವರನ್ನು ಸಹಾನುಭೂತಿಯುಳ್ಳವರೆಂದು ಎಣಿಸುವುದು ಹೇಗೆ? ಆಕ್ಷೇಪವು ಯುಕ್ತವಾದುದೇ. ಸಮಾಧಾನವೇನೆಂದರೆ, ಉದ್ದೇಶ ಬೇರೆ, ಫಲ ಬೇರೆ. ಮಾವಿನ ಗಿಡವನ್ನು ಹಣ್ಣಿಗಾಗಿ ನೆಟ್ಟರೂ ನೆರಳು ತಾನಾಗಿಯೇ ಒದಗುವುದು. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ ಕನ್ನಡಿಗರನ್ನು ಎಚ್ಚರಿಸಿದಾಗ, ಅವರ ಕೈಯಲ್ಲಿದ್ದ ಚರಿತ್ರೆಯ ಸಾಮಗ್ರಿಯು ಈ ಶಾಸನಶೋಧಕರ ಪರಿಶ್ರಮದಿಂದ ದೊರೆತುದು. ಆದರೂ ಇವರನ್ನು ಪೂರ್ಣಾರ್ಥದಲ್ಲಿ ಸಹೃದಯರೆಂದು ಕರೆಯಲಾಗದು. ಇವರು ನಮಗೆ ಪ್ರಮಾಣವನ್ನು ಕೊಟ್ಟರು. ಅದರಿಂದ ಪ್ರಮೇಯವನ್ನು ಸಾಧಿಸಿದವರು ನಾವು.

ಎರಡನೆಯ ವರ್ಗದವರು ಮನೆಮಾತು ಬೇರೆಯಾಗಿದ್ದೂ ಕನ್ನಡವನ್ನು ತಮ್ಮದಾಗಿಸಿಕೊಂಡವರು. ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ, ಧಾರವಾಡದ ಬೇಂದ್ರೆಯವರದು ಮರಾಠಿ, ಮಾಸ್ತಿಯವರದು ತಮಿಳು, ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳದು (1915–2015) ತುಳು. ಇವರನ್ನು ಹೊರಗಿನವರೆಂದು ಬರೆಯುವುದಕ್ಕೇ ಲೇಖನಿಯು ಹಿಂಜರಿಯುವುದು. ಆ ಹಿಂಜರಿಕೆಯೇ ನಮ್ಮ ವಿಚಾರಕ್ಕೆ ಒಂದು ಸಾಧನವಾಗಿದೆ: ಸಹೃದಯತೆಯು ಪಕ್ವವಾದಾಗ ಒಳಗು ಹೊರಗುಗಳ ಗೆರೆಯು ಅಳಿಸಿಹೋಗುವುದು. ಕ್ವೆಬೆಕ್ಕಿನಲ್ಲಿಯೂ ಇಂಗ್ಲೆಂಡಿನಲ್ಲಿ ಹುಟ್ಟಿದ ಡೇವಿಡ್ ಪೇನ್ ಎಂಬಾತನು ಸ್ವಯಮಾಧಿಕಾರದ ಪಕ್ಷವನ್ನೇ ಸೇರಿ ಅಲ್ಲಿಯ ಶಾಸನಸಭೆಯ ಸದಸ್ಯನಾಗಿದ್ದನು. ಆದರೆ ಅಲ್ಲಿ ಅಂಥವರು ವಿರಳ. ಕನ್ನಡದಲ್ಲಿ ಈ ವರ್ಗದವರನ್ನು ತೆಗೆದುಹಾಕಿದರೆ ಇಪ್ಪತ್ತನೆಯ ಶತಮಾನದ ಸಾಹಿತ್ಯಚರಿತ್ರೆಯೇ ಅರ್ಧವಾದೀತು. 1956ರಲ್ಲಿ ತಮ್ಮ ಊರಾದ ಮಂಜೇಶ್ವರವು ಕೇರಳಕ್ಕೆ ಸೇರಿದ ತರುವಾಯವೂ ಗೋವಿಂದ ಪೈಗಳು ಅಲ್ಲಿಯೇ ಇದ್ದು ಕನ್ನಡದ ವಿದ್ವತ್ಕಾರ್ಯವನ್ನು ನಡೆಸಿದರು; ಕಯ್ಯಾರರು ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಹೋರಾಟಕ್ಕೆ ತಮ್ಮ ದೀರ್ಘಾಯುಷ್ಯವನ್ನು ಮುಡಿಪಾಗಿಟ್ಟರು.

ಮೂರನೆಯ ವರ್ಗದವರು ನಿರ್ಣಯಾಧಿಕಾರವುಳ್ಳವರು. 1920ರ ನಾಗಪುರ ಕಾಂಗ್ರೆಸ್ಸು ಭಾಷಾನುಸಾರವಾಗಿ ಪ್ರಾಂತ ಸಮಿತಿಗಳನ್ನು ರಚಿಸಲು ಒಪ್ಪಿತು. ಆಗ ಕರ್ನಾಟಕಕ್ಕೂ ಒಂದು ಸಮಿತಿ ಲಭಿಸಿತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸು ಬೆಳಗಾವಿಯಲ್ಲಿ ಸೇರಿದಾಗಲೇ ಮೊದಲನೆಯ ಏಕೀಕರಣ ಸಮ್ಮೇಳನವೂ ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ನಡೆಯಿತು. 1928ರ ನೆಹರೂ ವರದಿಯು ಕರ್ನಾಟಕ ಪ್ರಾಂತದ ಬೇಡಿಕೆಯನ್ನು ಪುರಸ್ಕರಿಸಿತು. ಸ್ವಾತಂತ್ರ್ಯವು ಬಂದ ಮೇಲೆ 1948ರ ಧರ್ ಆಯೋಗವು ಭಾಷಾಪ್ರಾಂತಗಳ ತತ್ತ್ವವನ್ನೇ ನಿರಾಕರಿಸಲು, ಬಾಗಿಲು ಮುಚ್ಚಿದಂತಾಯಿತು. ಅದನ್ನು ತೆರೆಸಿದ ಪ್ರಾಣತ್ಯಾಗವು ಕನ್ನಡಿಗನದಲ್ಲ. ಆಂಧ್ರರಾಜ್ಯಕ್ಕಾಗಿ ಉಪವಾಸ ಕುಳಿತು 1952ರ ಡಿಸೆಂಬರ್ 15ರಂದು ಮಡಿದ ಪೊಟ್ಟಿ ಶ್ರೀರಾಮುಲು ಅವರದು. ಅವರು ಕನ್ನಡಕ್ಕಾಗಿ ಉಪವಾಸವಿದ್ದವರಲ್ಲ. ಆದರೂ 1953ರಲ್ಲಿ ಆಂಧ್ರರಾಜ್ಯವು ಹುಟ್ಟಿದುದರಿಂದಲೇ ಅದೇ ವರ್ಷದಲ್ಲಿ ಪುನರ್ವಿಂಗಡಣಾ ಆಯೋಗವು ನೇಮಕವಾಗಿ, ಉಳಿದ ಭಾಷಿಕರ ಬೇಡಿಕೆಗಳಿಗೂ ದಾರಿಯಾಯಿತು.

ಈ ವರ್ಗದಲ್ಲಿ ಇಬ್ಬರು ನ್ಯಾಯಾಧೀಶರನ್ನು ಹೋಲಿಸಿ ನೋಡುವುದು ಉಚಿತ. ಆಂಧ್ರರಾಜ್ಯದ ರಚನೆಯ ಕಾಲದಲ್ಲಿ ಬಳ್ಳಾರಿಯು ಯಾರಿಗೆ ಸೇರತಕ್ಕುದೆಂಬ ವಿವಾದವು ತೀವ್ರವಾಗಲು, ಹೈದರಾಬಾದಿನ ಮುಖ್ಯ ನ್ಯಾಯಾಧೀಶರಾಗಿದ್ದ ಎಲ್. ಎಸ್. ಮಿಶ್ರಾ ಅವರು ವಿಚಾರಣೆ ನಡೆಸಿ, ಬಳ್ಳಾರಿ ತಾಲ್ಲೂಕು ಮೈಸೂರಿಗೆ ಸೇರಬೇಕೆಂದು ಅಭಿಪ್ರಾಯವಿತ್ತರು. 1953ರಲ್ಲಿ ಹಾಗೆಯೇ ನಡೆಯಿತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿ ನಿವೃತ್ತರಾಗಿದ್ದ ಮೆಹರ್ ಚಂದ್ ಮಹಾಜನ್ ಅವರು 1966ರಲ್ಲಿ ನೇಮಕವಾದ ಆಯೋಗದ ಮೂಲಕ ವಿಚಾರಿಸಿ, 1967ರಲ್ಲಿ ತಮ್ಮ ವರದಿಯನ್ನು ಒಪ್ಪಿಸಿದರು. ಬೆಳಗಾವಿಯು ಮೈಸೂರಿನಲ್ಲಿಯೇ ಉಳಿಯಬೇಕು; ಚಂದ್ರಗಿರಿ ನದಿಗೆ ಉತ್ತರದ ಕಾಸರಗೋಡು ಸೀಮೆಯು ಮೈಸೂರಿಗೆ ಸೇರಬೇಕು; ಗಡಿಯ ಹಲವು ಗ್ರಾಮಗಳು ಮಹಾರಾಷ್ಟ್ರಕ್ಕೆ ಸಲ್ಲಬೇಕು ಎಂಬುದು ಅದರ ಸಾರ. ಮಹಾಜನರು ಕನ್ನಡದ ಬಂಧುವಲ್ಲವೆಂಬುದು ಇದರಿಂದಲೇ ಸುವ್ಯಕ್ತ. ನಮಗೆ ಕೊಟ್ಟಂತೆ ನಮ್ಮಿಂದ ತೆಗೆದೂ ಕೊಟ್ಟರು. ಅದರಿಂದಲೇ ಕಾಸರಗೋಡಿನ ವಿಷಯದಲ್ಲಿ ಅವರ ಮಾತಿಗೆ ಬೆಲೆ ಹೆಚ್ಚು. ಆದರೆ ವರದಿಯು ಕಾರ್ಯರೂಪಕ್ಕೆ ಬರಲಿಲ್ಲ.

ಈ ಭೇದಕ್ಕೆ ಕಾರಣವನ್ನು ನ್ಯಾಯದ ಬಲಾಬಲದಲ್ಲಿ ಹುಡುಕಿದರೆ ಸಿಕ್ಕದು. ಮಿಶ್ರಾ ಅವರ ತೀರ್ಮಾನವು ಒಂದು ರಾಜ್ಯವು ರೂಪುಗೊಳ್ಳುತ್ತಿರುವಾಗ, ಗಡಿಯ ಗೆರೆಯು ಇನ್ನೂ ಹಸಿಯಾಗಿರುವಾಗ ಬಂದಿತು. ಮಹಾಜನ್ ವರದಿಯು ಬಂದಾಗ ಗೆರೆಯು ಎಳೆದು ಹನ್ನೊಂದು ವರ್ಷಗಳಾಗಿದ್ದುವು, ಒಣಗಿದ ಮಣ್ಣನ್ನು ತಿರುಗಿ ಕಲಸಲು ಮೂರು ರಾಜ್ಯಗಳ ಸಮ್ಮತಿಯು ದೊರೆಯಲಿಲ್ಲ. ಜುರಾದಲ್ಲಿಯೂ ಇಂಥ ಶೇಷವೊಂದು ಉಳಿದಿದ್ದಿತು. 1979ರಲ್ಲಿ ಬರ್ನ್ ಪ್ರಾಂತದಲ್ಲಿಯೇ ಉಳಿದ ಮೂತ್ಯೆ ಎಂಬ ಪಟ್ಟಣವು 2021ರ ಮತದಾನದಲ್ಲಿ ಜುರಾವನ್ನು ಸೇರಲು ನಿರ್ಧರಿಸಿತು. ಅಲ್ಲಿ ಶೇಷವನ್ನು ಮತ್ತೆ ವಿಚಾರಿಸುವ ಮಾರ್ಗವೊಂದು ಏರ್ಪಟ್ಟಿದ್ದಿತು, ನಮ್ಮಲ್ಲಿ ಏರ್ಪಡಲಿಲ್ಲ. ಆದುದರಿಂದ ಮಧ್ಯಸ್ಥನ ಸಹಾನುಭೂತಿಯು ಎಷ್ಟೇ ಶುದ್ಧವಾಗಿದ್ದರೂ ಅದಕ್ಕೆ ವಿಧಿಯ ಆಸರೆ ಇಲ್ಲದಿದ್ದರೆ ಅದು ಗ್ರಂಥಸ್ಥವಾಗಿಯೇ ಉಳಿಯುವುದೆಂದು ತಿಳಿಯತಕ್ಕುದು.

ಇಷ್ಟರವರೆಗೆ ಕನ್ನಡಿಗರನ್ನು ಸಹಾನುಭೂತಿಯನ್ನು ಪಡೆದವರನ್ನಾಗಿ ನೋಡಿದೆವು. ಅದನ್ನು ಕೊಟ್ಟವರಾಗಿಯೂ ನೋಡಬೇಕು. ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡ್ ಇಂದು ಗಣಕೋದ್ಯಮಗಳಿಗೆ ಹೆಸರಾಗಿದೆ. ಅದರ ಮೂಲವು ಬೇರೆ. ಯೂರೋಪಿಯನ್ನರಿಗೂ ಭಾರತೀಯರಿಗೂ ಹುಟ್ಟಿ, ಎರಡು ಕಡೆಗೂ ಪೂರ್ತಿ ಸೇರದೆ ಇದ್ದ ಯುರೇಷಿಯನ್ ಜನಾಂಗದವರು ತಮ್ಮದೇ ಆದ ನೆಲೆಯೊಂದನ್ನು ಬಯಸಿದರು. ಅವರ ಸಂಘದ ಮುಂದಾಳಾದ ಡಿ. ಎಸ್. ವೈಟ್ ಅವರ ಯತ್ನಕ್ಕೆ ಓಗೊಟ್ಟು, ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರು 1882ರಲ್ಲಿ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಒಂದು ಚಿಕ್ಕ ಜನಾಂಗವು ತನ್ನ ಬಾಳನ್ನು ತಾನೇ ರೂಪಿಸಿಕೊಳ್ಳಲೆಂದು ಕನ್ನಡದ ನೆಲವು ಎಡೆಯನ್ನಿತ್ತಿತು. ಆ ಎಡೆಯ ಮೇಲೆಯೇ ಇಂದು ಅನ್ಯಪ್ರಾಂತಗಳ ಜನರು ಬಂದು ನೆಲಸುತ್ತಿದ್ದಾರೆ.

ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಯೂ ಹೀಗೆಯೇ. ಆರ್. ಕೆ. ಬಾಳಿಗ ಅವರ ಮುಂದಾಳುತನದಲ್ಲಿ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಅದನ್ನು ಸ್ಥಾಪಿಸಿತು. ಉತ್ತರದ ಪೀಣ್ಯವು ಸಣ್ಣ ಕೈಗಾರಿಕೆಗಳ ದೊಡ್ಡ ನೆಲೆಯಾಯಿತು. ಉದ್ಯೋಗಗಳು ಬಂದಂತೆ ಅವುಗಳಲ್ಲಿ ಕನ್ನಡಿಗರ ಪಾಲೆಷ್ಟೆಂಬ ಪ್ರಶ್ನೆಯೂ ಬಂದಿತು. 1982ರ ಗೋಕಾಕ್ ಚಳವಳಿಯು ಶಾಲೆಯಲ್ಲಿ ಕನ್ನಡದ ಸ್ಥಾನವನ್ನು ಕುರಿತುದು. 1983ರಲ್ಲಿ ನೇಮಕವಾಗಿ 1986ರಲ್ಲಿ ವರದಿಯನ್ನಿತ್ತ ಸರೋಜಿನಿ ಮಹಿಷಿ ಸಮಿತಿಯು ಉದ್ಯೋಗದಲ್ಲಿ ಕನ್ನಡಿಗರ ಸ್ಥಾನವನ್ನು ಕುರಿತುದು. ನಾಮಫಲಕಗಳಲ್ಲಿ ನೂರಕ್ಕೆ 60 ಭಾಗ ಕನ್ನಡವಿರಬೇಕೆಂದು 2024ರ ತಿದ್ದುಪಡಿ ಕಾಯಿದೆಯು ವಿಧಿಸಿದೆ. ಈ ವಿಧಿಗಳು ನ್ಯಾಯವಾದುವೇ. ತನ್ನ ನಾಡಿನಲ್ಲಿ ತನ್ನ ಭಾಷೆಯ ಅಕ್ಷರವನ್ನು ಕಾಣಬೇಕೆಂಬುದರಲ್ಲಿ ಅತಿಯಾದುದೇನೂ ಇಲ್ಲ. ಆದರೆ ಫಲಕದ ಮೇಲಿನ ಅಕ್ಷರವನ್ನು ಕಾಯಿದೆಯು ಬರೆಯಿಸಬಲ್ಲದು, ಅದನ್ನು ಓದಬೇಕೆಂಬ ಆಸೆಯನ್ನು ಹುಟ್ಟಿಸಲಾರದು.

ಅಭಿನವಗುಪ್ತನು ಸಹೃದಯನ ಲಕ್ಷಣವನ್ನು ಹೇಳುವಾಗ, ಕಾವ್ಯದ ಅಭ್ಯಾಸಬಲದಿಂದ ಮನಸ್ಸೆಂಬ ಕನ್ನಡಿಯು ನಿರ್ಮಲವಾದವರನ್ನು ಸಹೃದಯರೆನ್ನುತ್ತಾನೆ. ಇಲ್ಲಿ ಅಭ್ಯಾಸವೆಂಬ ಮಾತು ಮುಖ್ಯ. ಸಹೃದಯನು ಅಭ್ಯಾಸದಿಂದ ಆಗುವವನು. ಆದುದರಿಂದ ಅಭ್ಯಾಸಕ್ಕೆ ಬೇಕಾದುದನ್ನು ಒದಗಿಸಿದವರಿಗೂ ಅದರಲ್ಲಿ ಪಾಲುಂಟು. ಬೇಂದ್ರೆಯವರಿಗೆ ಧಾರವಾಡದ ಬೀದಿಯೂ, ಗೋವಿಂದ ಪೈಗಳಿಗೆ ತುಳುನಾಡಿನ ಶಾಲೆಯೂ ಕನ್ನಡವನ್ನು ಕೊಟ್ಟುವು. ಇಂದಿನ ಹೊರವಲಯದಲ್ಲಿ ಕೆಲಸಕ್ಕೆ ಬಂದ ಒಡಿಶಾದ ಕಾರ್ಮಿಕನಿಗಾಗಲಿ, ಉತ್ತರದೇಶದಿಂದ ಬಂದ ಯಂತ್ರಶಿಲ್ಪಿಗಾಗಲಿ ಕನ್ನಡವನ್ನು ಕೊಡತಕ್ಕ ಬೀದಿ ಯಾವುದು, ಶಾಲೆ ಯಾವುದು? ಅವನೊಡನೆ ನಾವೇ ಅವನ ಭಾಷೆಯಲ್ಲಿಯೋ ಇಂಗ್ಲಿಷಿನಲ್ಲಿಯೋ ಮಾತನಾಡಿ ಮುಗಿಸಿದರೆ, ಅವನು ತಟಸ್ಥನಾಗಿ ಉಳಿದುದು ಅವನೊಬ್ಬನ ದೋಷವಾಗದು. ಇನ್ನೊಂದು ಕಡೆಯಿಂದ, ಹತ್ತು ವರ್ಷ ಇಲ್ಲಿ ಬಾಳಿ ಈ ನಾಡಿನ ಮಾತಿಗೆ ಕಿವಿಗೊಡದವನು ತನ್ನನ್ನು ಯಾರೂ ಒಳಗೆ ಕರೆಯಲಿಲ್ಲವೆಂದು ದೂರುವುದೂ ಸಲ್ಲದು.

ವಿದ್ವಾಂಸರಲ್ಲಿಯೂ ಸಾಹಿತ್ಯದ ಉಪಾಧ್ಯಾಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ. ವಯಸ್ಕರಾದ ಅನ್ಯಭಾಷಿಕರಿಗಾಗಿ ಕನ್ನಡದ ಪಾಠಗಳನ್ನು ರಚಿಸುವುದು ಕೆಳಗಿನ ಕೆಲಸವೆಂದು ನಮ್ಮಲ್ಲಿ ಹಲವರು ಎಣಿಸಿದ್ದೇವೆ. ವ್ಯಾಕರಣವನ್ನು ಬಲ್ಲವರು ಆ ಪಾಠಗಳನ್ನು ಬರೆಯಬೇಕು. ಕಾರ್ಖಾನೆಯ ಪಾಳಿಯು ಮುಗಿದ ಮೇಲೆ ಒಂದು ಗಂಟೆ ಕಲಿಯುವವನಿಗೆ ಹೊಂದುವಂತೆ ಬರೆಯಬೇಕು. ಅದರ ಕೊನೆಯ ಪಾಠವು ಅಂಗಡಿಯ ಸಂಭಾಷಣೆಯಲ್ಲಿ ನಿಲ್ಲದೆ ಒಂದು ಒಳ್ಳೆಯ ಕಥೆಯನ್ನು ಓದಿಸುವಂತಿರಬೇಕು. ಕಿಟ್ಟೆಲನ ಕಾಲದಲ್ಲಿ ಅನ್ಯಭಾಷಿಕನೇ ಶ್ರಮವಹಿಸಿ ನಿಘಂಟನ್ನು ಕಟ್ಟಿಕೊಂಡು ನಮ್ಮ ಬಳಿಗೆ ಬಂದನು. ಈಗ ಸಾಧನಗಳನ್ನು ಸಿದ್ಧಪಡಿಸಿ ಬಾಗಿಲಲ್ಲಿ ನಿಲ್ಲತಕ್ಕ ಸರದಿಯು ನಮ್ಮದು. ಕಾಸರಗೋಡಿನ ಪ್ರಶ್ನೆಯಾಗಲಿ, ಮುಂದೆ ಒದಗಬಹುದಾದ ಇನ್ನಾವ ಪ್ರಶ್ನೆಯಾಗಲಿ, ಕನ್ನಡದ ಪಕ್ಷವನ್ನು ಕನ್ನಡಿಗರಲ್ಲದವರ ಸಭೆಯಲ್ಲಿ ಎತ್ತಿ ಹೇಳತಕ್ಕವರು ಆ ಬಾಗಿಲಿನಿಂದಲೇ ಬರಬೇಕಾಗಿದೆ.